ಕಲ್ಹೇರಿನಿಂದ ಶ್ರೀಶೈಲಕ್ಕೆ: ಒಂದು ಕಾಲುದಾರಿಯ ಚರಿತ್ರೆ

ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನವೇ ನಮ್ಮ ಕಲ್ಹೇರು ಬೀದರ ಜಿಲ್ಲೆಯಿಂದ ಹೊರಬಿತ್ತು. ಅದು 1956ರ ನವೆಂಬರ್ 1. ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡುವಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ ಮತ್ತು ನ್ಯಾಲಕಲ್ ಸರ್ಕಲ್ ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ ಹೋದವು. ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳೂ ಅದೇ ದಿನ ಆ ಕಡೆಯವಾದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯಾಯಿತು. ನಮ್ಮ ಮನೆ ಮಾತ್ರ ಇದ್ದಲ್ಲೇ ಇದೆ. ಮನೆಯೊಳಗಿನ ಮಾತೂ ಇದ್ದಂತೆಯೇ ಇದೆ ಎಂದು ಬರೆಯಲು ಆಸೆಯೇನೋ ಇದೆ, ಆದರೆ ಹಾಗೆ ಬರೆದರೆ ಸುಳ್ಳಾಗುತ್ತದೆ.

ಸಂಪಾದಕರು ನಿಮ್ಮ ಗಡಿಯ ಚರಿತ್ರೆಯನ್ನು ಏನಾದರೂ ಬರೆಯಿರಿ ಎಂದಾಗ ನಾನು ಮೊದಲು ಹಿಂಜರಿದೆ. ನಮ್ಮೂರಲ್ಲಿ ಹೆಸರು ಹೇಳುವಂತಹ ಕೋಟೆಯಿಲ್ಲ, ಕಾಳಗ ನಡೆದ ಬಯಲಿಲ್ಲ. ಇದ್ದದ್ದು ಒಂದು ದಾರಿ. ವರ್ಷಕ್ಕೊಮ್ಮೆ ಯುಗಾದಿಗೆ ಮೊದಲು ನಮ್ಮ ಹಿರಿಯರು ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದ ದಾರಿ ಅದು. ಅದರ ಚರಿತ್ರೆಯನ್ನು ಬರೆಯುವ ಯೋಚನೆ ನನಗೆ ಬಂದದ್ದು ಮಾತ್ರ ಬಹು ದೂರದ ಇನ್ನೊಂದು ಬೆಟ್ಟದ ದೆಸೆಯಿಂದ.

ನಮ್ಮ ಅಣ್ಣನ ಮಗ ಹೈದರಾಬಾದಿನ ಒಂದು ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ. ಕೆಲಸದ ಮೇಲೆ ಜಪಾನಿಗೆ ಹೋದವನು ಅಲ್ಲಿಯ ಫ್ಯೂಜಿ ಪರ್ವತವನ್ನು ಹತ್ತಿ ಬಂದ. 3,776 ಮೀಟರ್ ಎತ್ತರದ, ಜಪಾನೀಯರು ದೇವರೆಂದು ಕೈಮುಗಿಯುವ ಬೆಟ್ಟ. ಹತ್ತಲು ಜುಲೈಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ಮಾತ್ರ ಕಾಲ. ದಾರಿಯನ್ನು ಹತ್ತು ಹಂತಗಳಾಗಿ ಎಣಿಸುತ್ತಾರೆ. ಐದನೆಯ ಹಂತದವರೆಗೆ ಬಸ್ಸು ಹೋಗುತ್ತದೆ. ಅಲ್ಲಿಂದ ನಡಿಗೆ, ಮೇಲಿನ ಒಂದು ಗುಡಿಸಲಲ್ಲಿ ಅರೆನಿದ್ದೆ, ನಡುರಾತ್ರಿ ಎದ್ದು ಮತ್ತೆ ಏರಿ ಶಿಖರದಲ್ಲಿ ಸೂರ್ಯೋದಯ. 2025ರಿಂದ ತಲೆಗೆ 4,000 ಯೆನ್ ಶುಲ್ಕ; ಗುಡಿಸಲಲ್ಲಿ ಜಾಗ ಕಾದಿರಿಸದವರನ್ನು ಮಧ್ಯಾಹ್ನ ಎರಡರ ಮೇಲೆ ಬಿಡುವುದಿಲ್ಲ. ದಾರಿ ತೋರಿಸಲು ಒಬ್ಬ ಮಾರ್ಗದರ್ಶಿ ಜತೆಗಿದ್ದನಂತೆ. ಹುಡುಗ ಕೈಯಲ್ಲಿ ಒಂದು ಮರದ ಊರುಗೋಲು ಹಿಡಿದು ಊರಿಗೆ ಬಂದ. ಹತ್ತಿದ ಹಂತಕ್ಕೊಂದರಂತೆ ಅದರ ಮೇಲೆ ಕಾಯಿಸಿದ ಕಬ್ಬಿಣದಿಂದ ಮುದ್ರೆ ಒತ್ತಿದ್ದರು.

ಅದನ್ನು ಪಡಸಾಲೆಯ ಮೂಲೆಗೆ ಆನಿಸಿಡುವಾಗ ಅಲ್ಲಿ ಮೊದಲೇ ನಿಂತಿದ್ದ ಮುತ್ಯಾನ ಕಂಬಿಯ ಬಿದಿರುಗಳು ಅವನ ಕಣ್ಣಿಗೆ ಬಿದ್ದವು. "ನಮ್ಮಲ್ಲಿ ಹಿಂಗ ಕರಕೊಂಡು ಹೋಗೋರು ಇದ್ದಿಲ್ಲೇನು ಕಾಕಾ?" ಎಂದು ಕೇಳಿದ.

ಫ್ಯೂಜಿಯ ಚರಿತ್ರೆಯನ್ನು ಅಷ್ಟಿಷ್ಟು ಓದಿದ ಮೇಲೆ ಅದು ನಮಗೆ ಅಪರಿಚಿತವೇನಲ್ಲ ಎನಿಸಿತು. ಈಗ ಟೋಕಿಯೋ ಎನ್ನುವ ಎಡೋ ಪಟ್ಟಣದಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ ಓಣಿಗೊಂದರಂತೆ 'ಫ್ಯೂಜಿ ಕೋ' ಎಂಬ ಭಕ್ತರ ಕೂಟಗಳಿದ್ದವು. ಎಲ್ಲರಿಗೂ ಬೆಟ್ಟಕ್ಕೆ ಹೋಗುವ ಶಕ್ತಿಯಿಲ್ಲ. ಆದ್ದರಿಂದ ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಕೂಡಿಸುವುದು, ಪ್ರತಿವರ್ಷ ಚೀಟಿ ಎತ್ತುವುದು, ಹೆಸರು ಬಂದ ಕೆಲವರು ಎಲ್ಲರ ಪರವಾಗಿ ಹತ್ತಿ ಬರುವುದು. ಕೂಟವನ್ನು ನಡೆಸಿಕೊಂಡು ಹೋಗುವ ಅನುಭವಿಗೆ 'ಸೆಂದಾತ್ಸು' ಎಂದು ಹೆಸರು. ಶಬರಿಮಲೆಗೆ ಹೋಗುವ ನಿಮಗೆ ಗುರುಸ್ವಾಮಿ ಎಂದರೆ ಸಾಕು, ಹೆಚ್ಚು ವಿವರಿಸಬೇಕಿಲ್ಲ. ಬೆಟ್ಟದ ಬುಡದ ಯೋಶಿದಾ ಊರಿನಲ್ಲಿ 'ಓಶಿ' ಎಂಬ ಪುರೋಹಿತರ ಮನೆಗಳಿದ್ದವು. ಇಳಿದುಕೊಳ್ಳಲು ಜಾಗ, ಊಟ, ಪೂಜೆ ಎಲ್ಲ ಅವರದು. ನಡೆಯಲಾರದ ಮುದುಕರಿಗೆ, ಮಕ್ಕಳಿಗೆ ಎಡೋದೊಳಗೇ ಕಲ್ಲುಮಣ್ಣು ಪೇರಿಸಿ ಪುಟ್ಟ ಫ್ಯೂಜಿಗಳನ್ನು ಕಟ್ಟಿದರು, ಮೊದಲನೆಯದು 1779ರದು. ನಮ್ಮ ಕಡೆ ಪರ್ವತಕ್ಕೆ ಹೋಗಲಾಗದವರು ಜಹೀರಾಬಾದಿನ ಹತ್ತಿರದ ಝರಾಸಂಗಮಕ್ಕೆ ಹೋಗಿ ಕೇತಕಿ ಸಂಗಮೇಶ್ವರನಿಗೆ ಕಾಯಿ ಒಡೆಸಿ ಬರುತ್ತಾರಲ್ಲ, ಹಾಗೆಯೇ ಇದು.

ಬ್ಯಾಂಕಿನ ಗುಮಾಸ್ತನಾದ ನನಗೆ ಚೀಟಿಯ ಸಂಗತಿ ಬಹಳ ಹಿಡಿಸಿತು. ಇಂತಹ ಕೂಟಗಳ ಒಡಹುಟ್ಟಿನಂತಿದ್ದ 'ಮುಜಿನ್' ಎಂಬ ಚೀಟಿ ವ್ಯವಹಾರಗಳೇ ಜಪಾನಿನಲ್ಲಿ ಮುಂದೆ ಕಂಪನಿಗಳಾಗಿ, 1951ರ ಕಾಯ್ದೆಯ ಮೇಲೆ ಬ್ಯಾಂಕುಗಳೇ ಆದವು. ಮಲಯಾಳದಲ್ಲಿ ಚೀಟಿಗೆ ಕುರಿ ಎನ್ನುತ್ತಾರಂತೆ. ನಮ್ಮಲ್ಲಿ ಕುರಿ ಎಂದರೆ ಉಣ್ಣೆ ಕೊಡುವ ಕುರಿಯೇ.

ಇನ್ನು ನಮ್ಮ ಮುತ್ಯಾನ ವಿಷಯ. ನನ್ನ ತಂದೆಯ ತಂದೆ. ಆತನನ್ನು ಊರವರು ಕಂಬಿಯ ಮುತ್ಯಾ ಎಂದೇ ಕರೆಯುತ್ತಿದ್ದರು. ಕಂಬಿಯೆಂದರೆ ಹೆಗಲ ಮೇಲೆ ಹೊರುವ, ಗಂಟೆ ಗೆಜ್ಜೆ ಕಟ್ಟಿ ಸಿಂಗರಿಸಿದ ಮಲ್ಲಯ್ಯನ ಗುರುತು. ಬೀಡು ಬಿಟ್ಟಲ್ಲೆಲ್ಲ ಮೊದಲು ಅದಕ್ಕೆ ಪೂಜೆ, ಆಮೇಲೆ ಮನುಷ್ಯರಿಗೆ ಊಟ. ಶಿವರಾತ್ರಿ ಮುಗಿದು ವಾರಕ್ಕೆ ಹೊರಡುವುದು ರೂಢಿ. ಅದಕ್ಕೆ ಮುಂಚೆ ಮನೆಮನೆಯಿಂದ ಒಂದೊಂದು ಸೇರು ಜೋಳ ಮತ್ತು ಕೈಲಾದಷ್ಟು ರೊಕ್ಕ ಕೂಡುತ್ತಿತ್ತು. ಹೋಗಲಾಗದವರು ಮುಡಿಪು ಕಟ್ಟಿ ಕೊಡುತ್ತಿದ್ದರು. ಹೆಂಗಸರು ಹದಿನೈದು ದಿನ ಕೂತು ಖಡಕ್ ರೊಟ್ಟಿ ಬಡಿಯುತ್ತಿದ್ದರು. ಜತೆಗೆ ಶೇಂಗಾದ ಹಿಂಡಿ. ಭ್ರಮರಾಂಬೆಗೆ ಸೀರೆ, ಬಳೆ, ಅರಿಷಿಣ ಕುಂಕುಮದ ಗಂಟು ಬೇರೆ. ಕನ್ನಡದವರಿಗೆ ಅವ್ವ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳ ಮನೆಗೆ ಬರಿಗೈಲಿ ಹೋಗುವವರುಂಟೇ?

ಮುತ್ಯಾ ಈ ಲೆಕ್ಕವನ್ನೆಲ್ಲ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದಾನೆ. ಬರೀ ಲೆಕ್ಕವಲ್ಲ. ಯಾವ ಊರಿನಲ್ಲಿ ಬೀಡು, ಯಾವ ಬಾವಿಯ ನೀರು ಸಿಹಿ, ಯಾವ ಗೌಡರ ಮನೆಯಲ್ಲಿ ಮಜ್ಜಿಗೆ ಸಿಗುತ್ತದೆ, ಎಲ್ಲಿ ನೆರಳಿಲ್ಲದ್ದರಿಂದ ನಸುಕಿನಲ್ಲೇ ದಾಟಬೇಕು, ಎಲ್ಲವೂ ಇದೆ. ಹುಡುಗ ಫೋನಿನಲ್ಲಿ ತೋರಿಸಿದ ಫ್ಯೂಜಿಯ ಯೋಜನೆಯಲ್ಲಿ ಇದಕ್ಕಿಂತ ಹೆಚ್ಚೇನೂ ಇರಲಿಲ್ಲ; ಮಜ್ಜಿಗೆಯಂತೂ ಇರಲೇ ಇಲ್ಲ.

ವಹಿಯ ಪ್ರಕಾರ ದಾರಿ ಹೀಗೆ: ಕಲ್ಹೇರಿನಿಂದ ಜಹೀರಾಬಾದ್, ತಾಂಡೂರು, ಕೊಡಂಗಲ್, ಮಕ್ತಲ್, ಹರಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲ, ಅಲಂಪುರ, ತುಂಗಭದ್ರೆ ದಾಟಿ ಕರ್ನೂಲು, ಆತ್ಮಕೂರು, ಆಮೇಲೆ ನಲ್ಲಮಲದ ಕಾಡು. ಹೈದರಾಬಾದ್, ಮನ್ನನೂರಿನ ಮೇಲಿನ ಉತ್ತರದ ದಾರಿ ನಮಗೆ ಹತ್ತಿರ. ಆದರೂ ಮುತ್ಯಾ ಅದನ್ನು ಹಿಡಿಯಲಿಲ್ಲ. ದಕ್ಷಿಣದ ದಾರಿಯಲ್ಲಿ ರಾಯಚೂರು, ವಿಜಾಪುರ, ಬಾಗಲಕೋಟೆ, ಸೊಲ್ಲಾಪುರ ಕಡೆಯ ಕನ್ನಡದ ಕಂಬಿಗಳೆಲ್ಲ ಕೂಡುತ್ತಿದ್ದವು. ಆ ಜನರೊಂದಿಗೆ ನಡೆಯಬೇಕೆಂಬ ಹಂಬಲ. ನಕಾಶೆ ತೆಗೆದು ನೋಡಿದರೆ ಜಹೀರಾಬಾದಿನಿಂದ ಮಕ್ತಲ್‌ವರೆಗೆ ಮುತ್ಯಾನ ಬೀಡುಗಳೂ ಇಂದಿನ ರಾಜ್ಯದ ಗಡಿರೇಖೆಯೂ ಅಕ್ಕಪಕ್ಕದಲ್ಲೇ ಇಳಿಯುತ್ತವೆ. ಆಗ ಅಲ್ಲಿ ಗಡಿಯೇ ಇರಲಿಲ್ಲ. ನಿಜವಾದ ಗಡಿ ಇದ್ದದ್ದು ತುಂಗಭದ್ರೆ. ಆಚೆ ಕರ್ನೂಲು ಮದ್ರಾಸ್ ಇಲಾಖೆಯದು. ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಅಲ್ಲಿ ನಡೆಯುತ್ತಿರಲಿಲ್ಲ. ಏಳು ಹಾಲಿ ರೂಪಾಯಿಗೆ ಆರು ಕಂಪನಿ ರೂಪಾಯಿ ಎಂದು ವಹಿಯಲ್ಲಿದೆ. ಇಂಗ್ಲಿಷರ ರೂಪಾಯಿಗೆ ಹಳಬರು ಕೊನೆಯವರೆಗೂ ಕಂಪನಿ ರೂಪಾಯಿ ಎಂದೇ ಅನ್ನುತ್ತಿದ್ದರು. ಸರಕಾರದ ದರವೂ ನೂರಕ್ಕೆ 116 ರೂಪಾಯಿ 10 ಆಣೆ 8 ಪೈ, ಅಂದರೆ ಅದೇ ಲೆಕ್ಕ. ಮುತ್ಯಾ ಬಡ್ಡಿ ಕಮಿಷನ್ನುಗಳಲ್ಲಿ ಮೋಸಹೋಗದ ಮನುಷ್ಯ ಎಂದು ಅದನ್ನು ನೋಡಿ ನನಗೆ ಹೆಮ್ಮೆಯಾಯಿತು.

ಎತ್ತರದಲ್ಲಿ ಶ್ರೀಶೈಲ ಫ್ಯೂಜಿಯ ಮೊಣಕಾಲಿಗೂ ಬರಲಾರದು. ಇಲ್ಲಿ ಕಷ್ಟವಿರುವುದು ಏರಿಗಿಂತ ಮೊದಲಿನ ದೂರದಲ್ಲಿ, ಫಾಲ್ಗುಣದ ಬಿಸಿಲಿನಲ್ಲಿ, ನೀರಿಲ್ಲದ ಅಡವಿಯಲ್ಲಿ. ಆತ್ಮಕೂರಿನಿಂದ ವೆಂಕಟಾಪುರ, ಅಲ್ಲಿಂದ ವೀರಭದ್ರನ ಗುಡಿಯಿರುವ ನಾಗಲೂಟಿ. ನಾಗಲೂಟಿಯ ಮೆಟ್ಟಿಲೇರಿ ಪೆಚ್ಚೆರುವು, ಭೀಮನಕೊಳ್ಳ. ಕೊಳ್ಳ ಇಳಿದು ಮತ್ತೆ ಕಡಿದಾದ ಮೆಟ್ಟಿಲು ಹತ್ತಿದರೆ ಕೈಲಾಸದ್ವಾರ. ಅಲ್ಲಿಗೆ ಬಂದವರು ಮಲ್ಲಯ್ಯನ ಊರಿನ ಬಾಗಿಲಿಗೆ ಬಂದಂತೆ. ಹರಕೆ ಹೊತ್ತ ಕೆಲವರು ಈ ದಾರಿಯನ್ನೆಲ್ಲ ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಬರಿಗಾಲಿನವರಿಗೇ ಆ ಕಲ್ಲುಗಳ ಮೇಲೆ ನಿಲ್ಲುವುದು ಕಷ್ಟ.

ಯಾತ್ರಿಕರಿಗೆಂದು ಮೆಟ್ಟಿಲು ಕಟ್ಟಿಸುವುದು ಅರಸರಿಗೆ ದೊಡ್ಡ ಪುಣ್ಯದ ಕೆಲಸವಾಗಿತ್ತು. 14ನೆಯ ಶತಮಾನದ ಮೊದಲ ಅರ್ಧದಲ್ಲಿ ರೆಡ್ಡಿ ಅರಸರ ಮೂಲಪುರುಷ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಕಟ್ಟಿಸಿದ. ಅದೇ ಶತಮಾನದ ಕೊನೆಯಲ್ಲಿ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಗುಡ್ಡದ ಮೇಲಿನಿಂದ ಕೃಷ್ಣೆಯ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲು ಹಾಕಿಸಿದಳು. ರೆಡ್ಡಿಗಳ ಅನವೇಮನು 1377ರಲ್ಲಿ ಗುಡಿಯ ಮುಂದೆ ವೀರಶಿರೋಮಂಟಪವನ್ನು ಕಟ್ಟಿಸಿದ. ಭಕ್ತಿಯ ಆವೇಶದಲ್ಲಿ ವೀರರು ತಮ್ಮ ಅಂಗಗಳನ್ನೇ ಕತ್ತರಿಸಿ ಒಪ್ಪಿಸುತ್ತಿದ್ದ ಜಾಗವದು. ಇಂದಿಗೂ ಯುಗಾದಿಯ ಹಿಂದಿನ ರಾತ್ರಿ ಕನ್ನಡದ ಭಕ್ತರು ಅಗ್ನಿಗುಂಡ ಹಾಯುವುದನ್ನು, ಕೆನ್ನೆ ನಾಲಿಗೆಗಳಿಗೆ ಶಸ್ತ್ರ ಚುಚ್ಚಿಕೊಳ್ಳುವುದನ್ನು ನೋಡಿದರೆ ಆ ಮಂಟಪದ ನೆನಪಾಗುತ್ತದೆ. 1677ರಲ್ಲಿ ಶಿವಾಜಿ ಬಂದುಹೋದ. 1794ರಲ್ಲಿ ಕಾಲಿನ್ ಮೆಕೆಂಜಿ ಬಂದು ಪ್ರಾಕಾರದ ಗೋಡೆಯ ಶಿಲ್ಪಗಳನ್ನು ಕುರಿತು ಬರೆದ. ಅವರ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ದಾರಿ ತೋರಿದವರ ಕಥೆ ಮಾತ್ರ ಹೆಚ್ಚಾಗಿ ಇಲ್ಲ.

ನಲ್ಲಮಲದಲ್ಲಿ ದಾರಿ ತೋರಿದವರು ಚೆಂಚರು. ಕಾಡು ಅವರದು. ನಡೆಯಲಾರದವರನ್ನು ಡೋಲಿಯಲ್ಲಿ ಹೊತ್ತು, ಕಳ್ಳರ ಭಯವಿದ್ದಲ್ಲಿ ಕಾವಲಿದ್ದು, ನೀರಿನ ದೊಣೆಗಳನ್ನು ತೋರಿಸಿ ಅವರು ಯಾತ್ರಿಕರನ್ನು ದಾಟಿಸುತ್ತಿದ್ದರು. ತಲೆಗಿಷ್ಟು ಎಂದು ಪಡೆಯುತ್ತಲೂ ಇದ್ದರು. ಮಲ್ಲಯ್ಯ ಚೆಂಚರ ಹುಡುಗಿಯನ್ನು ಮದುವೆಯಾದನೆಂದು ಕಥೆ. ಅವರಿಗೂ ಆತ ಚೆಂಚು ಮಲ್ಲಯ್ಯ, ಮನೆಯ ಅಳಿಯ. ಪಾಪ, ಒಬ್ಬ ಅಳಿಯನಿಗೆ ಎಷ್ಟು ಕಡೆಯ ಬೀಗರು! ಚೆಂಚರಿಗೆ ಕೊಟ್ಟ ದುಡ್ಡನ್ನು ಮುತ್ಯಾ ಖರ್ಚಿನಲ್ಲಿ ಬರೆದಿಲ್ಲ, 'ಬೀಗರಿಗೆ' ಎಂದು ಬೇರೆಯೇ ಬರೆದಿದ್ದಾನೆ.

ಕರ್ನೂಲಿನ ನವಾಬರು ವಸೂಲು ಮಾಡುತ್ತಿದ್ದ ಯಾತ್ರೆಯ ಸುಂಕ ಇಂಥದಲ್ಲ. 1830ರಲ್ಲಿ ಮದರಾಸಿನಿಂದ ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಯ್ಯನವರು ಈ ದಾರಿಯಲ್ಲೇ ಶ್ರೀಶೈಲಕ್ಕೆ ಹೋದರು. ನವಾಬನು ಯಾತ್ರಿಕರಿಂದ ಹಣ ತೆಗೆದುಕೊಂಡು ಕ್ಷೇತ್ರದ ಯೋಗಕ್ಷೇಮ ನೋಡುವುದಿಲ್ಲ ಎಂದು ಅವರು ತಮ್ಮ ತೆಲುಗು ಕಾಶೀಯಾತ್ರಾ ಚರಿತ್ರೆಯಲ್ಲಿ ದೂರುತ್ತಾರೆ. 1839ರಲ್ಲಿ ಇಂಗ್ಲಿಷರು ನವಾಬನನ್ನು ಇಳಿಸಿದರು. ಜಪಾನಿನ ಶುಲ್ಕವಾದರೂ ದಾರಿಯ ಮತ್ತು ಜನರ ರಕ್ಷಣೆಗೆ ಖರ್ಚಾಗುತ್ತದೆ ಎಂದು ಹುಡುಗ ಹೇಳಿದ.

ದಾರಿ ತೋರುವವರ ಮಾತು ಬಂದಾಗ ನನಗೆ ಸದಾ ನೆನಪಾಗುವುದು ರಾಘವಾಂಕನ ಸಿದ್ಧರಾಮ. ಸೊನ್ನಲಿಗೆಯ ಆ ಹುಡುಗನ ಮುಂದೆ ಮಲ್ಲಯ್ಯ ಜಂಗಮನಾಗಿ ಬಂದು, ಊಟ ಕೇಳಿ, ಹುಡುಗ ಮನೆಗೆ ಓಡಿ ಅನ್ನ ತರುವಷ್ಟರಲ್ಲಿ ಮಾಯವಾದ. ಹುಡುಗ ಅಳುತ್ತ ಶ್ರೀಶೈಲದ ಯಾತ್ರಿಕರ ಬೆನ್ನುಹತ್ತಿದ. ಅವರು ನಂಬಿಗಸ್ತ ಜನ, ಕೈಹಿಡಿದು ಗುಡ್ಡ ಹತ್ತಿಸಿ ಗರ್ಭಗುಡಿಯ ಲಿಂಗ ತೋರಿಸಿ ಇವನೇ ಮಲ್ಲಯ್ಯ ಎಂದರು. ಇವನಲ್ಲ, ನನ್ನ ಹತ್ತಿರ ಅನ್ನ ಕೇಳಿದವನು ಬೇರೆ ಎಂದು ಹುಡುಗ ಗುಡ್ಡವೆಲ್ಲ ಅಲೆದು ಕಡೆಗೆ ಕಮರಿಗೆ ಬೀಳಲು ಹೊರಟಾಗ ಮಲ್ಲಯ್ಯ ಬಂದು ಕೈಹಿಡಿದನಂತೆ. ಕರೆದುಕೊಂಡು ಹೋಗುವವನು ಎಲ್ಲಿಯವರೆಗೆ ಕರೆದುಕೊಂಡು ಹೋಗಬಲ್ಲ ಎಂಬ ಪ್ರಶ್ನೆಯನ್ನು ಎಂಟುನೂರು ವರ್ಷದ ಹಿಂದೆಯೇ ಯಾರೋ ಯೋಚಿಸಿದ್ದಾರೆ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ಪಂಡಿತಾರಾಧ್ಯ ಚರಿತ್ರೆಯಲ್ಲಿ ಪರ್ವತ ಪ್ರಕರಣವೆಂದೇ ಒಂದು ಭಾಗವಿಟ್ಟು ಈ ಯಾತ್ರೆಯ ಹಾಡು, ಕುಣಿತ, ಗದ್ದಲವನ್ನೆಲ್ಲ ಬರೆದಿದ್ದಾನೆ. ಆತ ಕನ್ನಡದಲ್ಲೂ ಬರೆದವನು. ಆ ಬೆಟ್ಟಕ್ಕೆ ಹೋಗುವವರು ಎರಡು ಭಾಷೆಗಳನ್ನೂ ಹೊತ್ತೇ ಹೋಗುತ್ತಿದ್ದರೆಂದು ಕಾಣುತ್ತದೆ.

ಅಕ್ಕಮಹಾದೇವಿಯೂ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಒಬ್ಬಳೇ ನಡೆದಳು. ನಮ್ಮ ಆಯಿ ಅಕ್ಕ ನಮ್ಮೂರ ಮೇಲೇ ಹೋದಳೆಂದು ಹೇಳುತ್ತಿದ್ದಳು, ಬಿ.ಎ.ಯಲ್ಲಿ ಇತಿಹಾಸ ಓದಿದ ನನಗೆ ಹಾಗೆ ಬರೆಯುವ ಧೈರ್ಯವಿಲ್ಲ. ಫ್ಯೂಜಿಯ ಶಿಖರಕ್ಕೆ ಹೆಂಗಸರು ಹೋಗಬಾರದೆಂಬ ಕಟ್ಟಳೆ 1872ರವರೆಗೂ ಇತ್ತು. 1832ರಲ್ಲಿ ತಾಕಾಯಾಮಾ ತಾತ್ಸು ಎಂಬಾಕೆ ಗಂಡಸಿನ ವೇಷ ಹಾಕಿ ಹತ್ತಬೇಕಾಯಿತು. ನಮ್ಮ ವಹಿಯ ಪಟ್ಟಿಗಳಲ್ಲಿ ಪ್ರತಿವರ್ಷವೂ ಅರ್ಧಕ್ಕೆ ಹತ್ತಿರ ಹೆಂಗಸರ ಹೆಸರುಗಳೇ.

ಆ ಪಟ್ಟಿಗಳನ್ನು ಓದುತ್ತ ಒಂದು ಕಡೆ ನಾನು ನಿಂತುಬಿಟ್ಟೆ. ಫಸಲಿ 1355, ಅಂದರೆ 1946ರ ಯುಗಾದಿ. ಕೆಳಗೆ ಮುತ್ಯಾನ ಕೈಬರಹ: 'ಹೋದವರು 23. ಬಂದವರು 22.' ಬ್ಯಾಂಕಿನಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೂ ರಾತ್ರಿ ಎಂಟರವರೆಗೆ ಕೂತು ಹುಡುಕುವ ಜನ ನಾವು. ಇಲ್ಲಿ ಒಬ್ಬರು ತಾಳೆಯಾಗಿಲ್ಲ. ಅಪ್ಪನನ್ನು ಕೇಳಿದೆ. ಓಣಿಯ ಒಬ್ಬ ಮುದುಕಿ ಪೆಚ್ಚೆರುವಿನ ಆಚೆ ವಾಂತಿಭೇದಿಯಾಗಿ ಹಿಂದೆ ಉಳಿದಳು. ಮುಂದೆ ಕಂಬಿಯ ಜತೆ ಹಾಡುತ್ತ ಹೋಗುತ್ತಿದ್ದ ಮುತ್ಯಾನಿಗೆ ಕತ್ತಲಾಗುವವರೆಗೂ ಗೊತ್ತಾಗಲಿಲ್ಲ. ತಿರುಗಿ ಹೋಗುವಷ್ಟರಲ್ಲಿ ಇಬ್ಬರು ಚೆಂಚರು ಆಕೆಯ ಪಕ್ಕದಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದರಂತೆ, ಉಸಿರು ನಿಂತಿತ್ತು. ಮಲ್ಲಯ್ಯನ ಅಡವಿಯಲ್ಲಿ ಸತ್ತರೆ ಪುಣ್ಯ ಎಂದು ಊರವರು ಸಮಾಧಾನ ಹೇಳಿದರೂ ಮುತ್ಯಾ ಒಪ್ಪಲಿಲ್ಲ. ಮರುವರ್ಷದಿಂದ ಕಂಬಿಯನ್ನು ಬೇರೆಯವರ ಹೆಗಲಿಗೆ ಕೊಟ್ಟು ತಾನು ಎಲ್ಲರಿಗಿಂತ ಹಿಂದೆ ನಡೆದ. ಆಮೇಲಿನ ಪಟ್ಟಿಗಳಲ್ಲೆಲ್ಲ ಮುತ್ಯಾನ ಹೆಸರು ಕಡೆಯಲ್ಲಿದೆ. ಚಿಕ್ಕಂದಿನಲ್ಲಿ ಅದನ್ನು ನಾನು ವಿನಯವೆಂದು ತಿಳಿದಿದ್ದೆ.

1956ರ ನಂತರವೂ ಕೆಲವು ವರ್ಷ ಕಂಬಿ ಹೋಯಿತು. ಆಮೇಲೆ ಬಸ್ಸು ಬಂತು. ಬಸ್ಸಿನಲ್ಲಿ ಹೋಗುವವನಿಗೆ ಬೀಡೂ ಬೇಡ, ಬಾವಿಯೂ ಬೇಡ. 1980ರ ದಶಕದಲ್ಲಿ ಶ್ರೀಶೈಲದ ಅಣೆಕಟ್ಟಿನಲ್ಲಿ ನೀರು ನಿಂತು ಕೃಷ್ಣೆಯ ಹಳೆಯ ಎಷ್ಟೋ ಕಡವುಗಳು ಮುಳುಗಿದವು. ಅಕ್ಕನ ಗವಿಗೂ ಈಗ ದೋಣಿಯಲ್ಲಿ ಹೋಗಬೇಕು. ಗದ್ವಾಲದ ಕಡೆ ಹರಗೋಲಿನ ಬದಲು ಜುರಾಲ ಅಣೆಕಟ್ಟಿನ ಮೇಲೆ ರಸ್ತೆಯಿದೆ. ನಲ್ಲಮಲ 1983ರಿಂದ ಹುಲಿ ಸಂರಕ್ಷಿತ ಪ್ರದೇಶ. ಜಾತ್ರೆಯ ದಿನಗಳಲ್ಲಿ ಅರಣ್ಯ ಇಲಾಖೆ ದಾರಿ ಬಿಟ್ಟಾಗ ಮಾತ್ರ ನಡೆಯಬೇಕು. ಕರ್ನಾಟಕದ ಕಡೆಯಿಂದ ಲಕ್ಷಗಟ್ಟಲೆ ಜನ ಇಂದಿಗೂ ನಡೆಯುತ್ತಾರೆ. ನಿಂತದ್ದು ನಮ್ಮಂತಹ ಗಡಿಯಾಚೆಯ ಸಣ್ಣ ಊರುಗಳ ಕಂಬಿ. ಕಂಬಿ ನಿಂತ ಮೇಲೆ ರಾಯಚೂರು ವಿಜಾಪುರದವರೊಂದಿಗೆ ವರ್ಷಕ್ಕೊಮ್ಮೆ ಆಡುತ್ತಿದ್ದ ಮಾತೂ ನಿಂತಿತು. ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಆ ದಾರಿಯಲ್ಲೇ ಕುದುರುತ್ತಿದ್ದವು. ನಮ್ಮ ಆಯಿಯೇ ಮಕ್ತಲ್ ಕಡೆಯವಳು.

ಈಗ ಅಣ್ಣನ ಮಗ ತನ್ನ ಗೆಳೆಯರನ್ನು ಕೂಡಿಸಿಕೊಂಡು ಕಂಬಿ ಎತ್ತುತ್ತೇನೆ ಎನ್ನುತ್ತಾನೆ. ಮೊದಲ ವರ್ಷ ಆತ್ಮಕೂರಿನವರೆಗೆ ವಾಹನ, ಅಲ್ಲಿಂದ ಕಾಲ್ನಡಿಗೆ. ಮುತ್ಯಾನ ವಹಿ ಕೇಳಿದ. ಕೊಟ್ಟೆ. ಒಂದೆರಡು ಹಾಳೆ ತಿರುವಿ ಹಿಂದಕ್ಕೆ ಚಾಚಿದ. ಮನೆಯಲ್ಲಿ ಕನ್ನಡ ಆಡುವ ಹುಡುಗ, ಆದರೆ ಅವನಿಗೆ ಕನ್ನಡ ಓದಲು ಬಾರದು. ನಾನೂ ತೆಲುಗು ಶಾಲೆಯಲ್ಲೇ ಕಲಿತವನು. ಅಂಗಳದಲ್ಲಿ ಮರಳು ಹರವಿ ಬೆರಳಿನಿಂದ ಅಕ್ಷರ ತಿದ್ದಿಸಿದವನು ಮುತ್ಯಾ. ನಾನು ಈ ಹುಡುಗನಿಗೆ ತಿದ್ದಿಸಲಿಲ್ಲ. ಯಾಕೆ ಎಂದು ಕೇಳಿದರೆ ಹೇಳಲು ನನ್ನಲ್ಲಿ ಉತ್ತರವಿಲ್ಲ. ಕೆಲಸ, ವರ್ಗಾವಣೆ ಎಂದೇನಾದರೂ ಹೇಳಬಹುದು.

ಈಗ ದಿನಾ ರಾತ್ರಿ ಊಟವಾದ ಮೇಲೆ ವಹಿಯನ್ನು ಹೊಸ ಪುಸ್ತಕಕ್ಕೆ ಇಳಿಸುತ್ತಿದ್ದೇನೆ. ಎಡಗಡೆ ಪುಟ ಕನ್ನಡ, ಬಲಗಡೆ ಪುಟ ತೆ​ಲುಗು. ಬೀಡು, ಬಾವಿ, ಮಜ್ಜಿಗೆ ಕೊಡುತ್ತಿದ್ದ ಮನೆ, ಈಗ ಇಲ್ಲದ ಬಾವಿಯೂ ಸೇರಿ. ಭೀಮನಕೊಳ್ಳಕ್ಕೆ ಬಂದು ಪೆನ್ನು ನಿಂತಿತು. ತೆಲುಗಿನವರು ಅದಕ್ಕೆ ಭೀಮುನಿ ಕೊಲನು ಎನ್ನುತ್ತಾರೆ. ಕೊಲನು ಎಂದರೆ ಕೊಳ. ಅಲ್ಲಿ ಕೊಳವೂ ಇದೆ, ಕೊಳ್ಳವೂ ಇದೆ. ನೀರು ಹುಡುಕುವವರು ಒಂದು ಹೆಸರಿಟ್ಟರು, ಇಳಿದು ಹತ್ತುವವರು ಇನ್ನೊಂದಿಟ್ಟರು. ಬಲಗಡೆ ಪುಟದಲ್ಲಿ ಎರಡನ್ನೂ ಬರೆದೆ. "ಕೊಳ್ಳ ಅಂದ್ರ ಏನು ಕಾಕಾ?" ಎಂದ ಹುಡುಗ. ಹೋದಾಗ ಕಾಲಿಗೆ ಗೊತ್ತಾಗ್ತದ ಎಂದೆ.

ಪಟ್ಟಿಯಲ್ಲಿ ಇದುವರೆಗೆ ಹನ್ನೊಂದು ಹೆಸರಾಗಿವೆ, ಐದು ಹೆಂಗಸರದು. ಯುಗಾದಿ ಬರುವುದು ಹೆಚ್ಚಾಗಿ ಮಾರ್ಚ್ ಮುಗಿಯುವ ಸುಮಾರಿಗೆ. ಲೆಕ್ಕ ಮುಗಿಸುವ ಆ ದಿನಗಳಲ್ಲಿ ಬ್ಯಾಂಕಿನವರಿಗೆ ರಜೆ ಸಿಗುವುದಿಲ್ಲ. ಕಂಬಿಯ ಮುತ್ಯಾನ ಮೊಮ್ಮಗನಾಗಿಯೂ ನಾನು ಒಮ್ಮೆಯೂ ಆ ದಾರಿ ನಡೆದಿಲ್ಲ. ಈ ಸಲ ಹತ್ತು ದಿನದ ರಜೆಗೆ ಅರ್ಜಿ ಕೊಟ್ಟಿದ್ದೇನೆ. ಹುಡುಗ ಪಟ್ಟಿಯಲ್ಲಿ ನನ್ನ ಹೆಸರನ್ನು ಹಿರಿಯನೆಂದು ಎಲ್ಲರಿಗಿಂತ ಮೇಲೆ ಬರೆದಿದ್ದ. ಹೊಡೆದುಹಾಕಿ ಕಡೆಯಲ್ಲಿ ಬರೆಸಿದೆ.